ಮರುಭೂಮಿಗೆ ಹೊರಟವನ ಚೀಲ

ಜೈಸಲ್ಮೇರಿನ ಕೋಟೆಯ ತಪ್ಪಲಿನಲ್ಲಿ ಒಂದು ಧರ್ಮಶಾಲೆ. ಚಳಿಗಾಲದ ರಾತ್ರಿ. ಕಾರ್ಕಳದ ಕಡೆಯಿಂದ ತೀರ್ಥದರ್ಶನಕ್ಕೆಂದು ಬಂದ ಅಣ್ಣತಮ್ಮಂದಿರಿಬ್ಬರು ತಮ್ಮ ಬೆನ್ನುಚೀಲಗಳನ್ನು ನೆಲದ ಮೇಲೆ ಬಿಚ್ಚಿಟ್ಟುಕೊಂಡು ಕುಳಿತಿದ್ದಾರೆ. ಲೋದ್ರವದ ಪಾರ್ಶ್ವನಾಥ ಸ್ವಾಮಿಯ ದರ್ಶನವಾಗಿದೆ. ಬೆಳಗಾದರೆ ದಾರಿ ಬಲ್ಲ ಊರಿನವನೊಬ್ಬನೊಡನೆ ಮರಳುದಿಬ್ಬಗಳ ನಡುವೆ ಎರಡು ದಿನಗಳ ಕಾಲ್ನಡಿಗೆ.

ಅಣ್ಣನ ಚೀಲ ಬಾಯಿ ಕಟ್ಟಲಾರದಷ್ಟು ತುಂಬಿದೆ. ನಾಲ್ಕು ಜೊತೆ ಬಟ್ಟೆ, ಎರಡು ಹೊದಿಕೆ, ಮೂರು ಬಗೆಯ ಔಷಧ ಪೆಟ್ಟಿಗೆ, ಕ್ಯಾಮೆರಾ, ಅದಕ್ಕೊಂದು ಮುಕ್ಕಾಲಿ, ವಾರಕ್ಕಾಗುವಷ್ಟು ತಿಂಡಿ. ತೂಗಿದರೆ 22 ಕಿಲೋಗ್ರಾಂ. ತಮ್ಮನ ಚೀಲ ಒಂದು ಕೈಯಲ್ಲಿ ಎತ್ತುವಂತಿದೆ. ಒಂದು ಜೊತೆ ಬಟ್ಟೆ, ತೆಳುವಾದ ಒಂದು ಶಾಲು, ಎರಡು ಲೀಟರ್ ನೀರು.

‘ಅಣ್ಣಾ, ಮುನಿಗಳು ಪಿಂಛಿ, ಕಮಂಡಲು ಎರಡನ್ನೇ ಹಿಡಿದು ದೇಶವನ್ನೆಲ್ಲ ವಿಹರಿಸುತ್ತಾರೆ. ಎರಡು ದಿನಕ್ಕೆ ನಿನಗೆ ಇಷ್ಟು ಹೊರೆಯೇ?’ ಎಂದು ತಮ್ಮ ನಕ್ಕ.

‘ಅಲ್ಲಿ ಏನಾದರೂ ಹೆಚ್ಚುಕಡಿಮೆಯಾದರೆ ಅಂಗಡಿಯಿಲ್ಲ ಮಾರಾಯ, ಆಸ್ಪತ್ರೆಯಿಲ್ಲ’ ಎಂದ ಅಣ್ಣ.

ವಾದ ಮುಗಿಯಲಿಲ್ಲ. ಊರಿನಿಂದ ತಾಯಿಯ ಕರೆ ಬಂದಾಗ ಇಬ್ಬರೂ ಆಕೆಯ ಮುಂದೆಯೇ ದೂರು ಒಪ್ಪಿಸಿದರು. ಪ್ರತಿದಿನ ಬೆಳಗ್ಗೆ ಆ ದಿನಕ್ಕೆ ಇಷ್ಟೇ ವಸ್ತು, ಇಷ್ಟೇ ಆಹಾರ ಎಂದು ನಿಯಮ ಹಿಡಿಯುವ ಆ ತಾಯಿ ತೀರ್ಪು ಕೊಡಲಿಲ್ಲ. ಎರಡು ಪ್ರಶ್ನೆಗಳನ್ನು ಕೇಳಿದಳು. ಹಿರಿಯನಿಗೆ: ‘ಮಗಾ, ನಿನ್ನ ಚೀಲದಲ್ಲಿ ತುಂಬಿರುವುದು ಸಾಮಾನೋ, ಹೆದರಿಕೆಯೋ?’ ಕಿರಿಯನಿಗೆ: ‘ನೀನು ನೀರು ಕಡಿಮೆ ಒಯ್ದರೆ ನಾಳಿದ್ದು ಮಧ್ಯಾಹ್ನ ಕುಡಿಯುವುದು ಯಾರ ನೀರನ್ನು?’

ಇದು ವಿಷಯದ ಸ್ಪಷ್ಟತೆಗಾಗಿ ಹೆಣೆದ ದೃಷ್ಟಾಂತ. ಆದರೆ ಆ ಎರಡು ಪ್ರಶ್ನೆಗಳು ಜಿನಧರ್ಮದ ಅಪರಿಗ್ರಹ ತತ್ತ್ವದ ಎರಡು ಬಾಗಿಲುಗಳು. ಮರುಭೂಮಿಗೆ ಹೊರಡುವವನ ಚೀಲದಲ್ಲಿ ಆ ತತ್ತ್ವ ಕಣ್ಣಿಗೆ ಕಾಣುವಷ್ಟು ಸ್ಪಷ್ಟವಾಗುತ್ತದೆ. ಅಲ್ಲಿ ಹೆಚ್ಚಾದ ಹೊರೆ ಕಾಲನ್ನು ಸೋಲಿಸುತ್ತದೆ. ಕಡಿಮೆಯಾದ ನೀರು ಪ್ರಾಣವನ್ನೇ ಕೇಳುತ್ತದೆ.

ತಪ್ಪನ್ನು ಮನ್ನಿಸದ ನೆಲ

ಥಾರ್ ಮರುಭೂಮಿ ಜೈನರಿಗೆ ಅಪರಿಚಿತ ನೆಲವಲ್ಲ. 1156ರಲ್ಲಿ ಜೈಸಲ್ಮೇರ್ ತಲೆಯೆತ್ತುವುದಕ್ಕೆ ಮೊದಲು ಭಾಟಿ ಅರಸರ ರಾಜಧಾನಿಯಾಗಿದ್ದ ಲೋದ್ರವದಲ್ಲಿ ಪಾರ್ಶ್ವನಾಥ ಜಿನಾಲಯವಿದೆ. ಹಾಳಾಗಿದ್ದ ಆ ಆಲಯ ಹದಿನೇಳನೆಯ ಶತಮಾನದಲ್ಲಿ ಮತ್ತೆ ಎದ್ದು ನಿಂತಿತು. ಜೈಸಲ್ಮೇರಿನ ಕೋಟೆಯೊಳಗೆ ಹಳದಿ ಕಲ್ಲಿನ ಜಿನಾಲಯಗಳ ಸಮೂಹವೇ ಇದೆ. ಅಲ್ಲಿಯೇ ಹದಿನೈದನೆಯ ಶತಮಾನದಲ್ಲಿ ಆಚಾರ್ಯ ಜಿನಭದ್ರಸೂರಿಗಳ ಹೆಸರಿನ ಜ್ಞಾನಭಂಡಾರ ರೂಪುಗೊಂಡು, ತಾಳೆಗರಿಯ ಅಮೂಲ್ಯ ಗ್ರಂಥಗಳನ್ನು ಇಂದಿಗೂ ಕಾಪಾಡಿಕೊಂಡು ಬಂದಿದೆ. ಒಂಟೆಗಳ ಸಾರ್ಥಗಳೊಡನೆ ಈ ಮರಳನ್ನು ದಾಟಿದ ವರ್ತಕರಲ್ಲಿ ಜೈನ ಶ್ರಾವಕರು ಅನೇಕರಿದ್ದರು. ಎಷ್ಟು ಹೊರಬೇಕು, ಎಲ್ಲಿ ನೀರು ಸಿಗುತ್ತದೆ, ಯಾವ ಜಾವದಲ್ಲಿ ನಡೆಯಬೇಕು ಎಂಬ ಲೆಕ್ಕ ಅವರಿಗೆ ಕರತಲಾಮಲಕವಾಗಿತ್ತು.

ಜೈಸಲ್ಮೇರಿನ ಸುತ್ತ ವರ್ಷವಿಡೀ ಬೀಳುವ ಮಳೆ ಬಹಳ ಕಡಿಮೆ. ಬೇಸಿಗೆಯ ಹಗಲಿನಲ್ಲಿ ತಾಪಮಾನ 45 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ಕಾಲ್ನಡಿಗೆಗೆ ಯೋಗ್ಯವಾದ ಕಾಲ ನವೆಂಬರಿನಿಂದ ಫೆಬ್ರುವರಿಯವರೆಗೆ ಮಾತ್ರ. ಆಗಲೂ ಮಧ್ಯಾಹ್ನದ ಬಿಸಿಲು ಚುರುಕಾಗಿಯೇ ಇರುತ್ತದೆ. ರಾತ್ರಿಯ ತಾಪಮಾನ ಒಂದಂಕಿಗೆ ಇಳಿಯುತ್ತದೆ. ಒಂದೇ ದಿನದಲ್ಲಿ ಎರಡು ಋತುಗಳನ್ನು ತೋರಿಸುವ ನೆಲ ಅದು. ಒಣಗಾಳಿಯಲ್ಲಿ ಬೆವರು ಕಾಣುವ ಮೊದಲೇ ಆರಿಹೋಗುವುದರಿಂದ ದೇಹ ಎಷ್ಟು ನೀರನ್ನು ಕಳೆದುಕೊಂಡಿತೆಂಬುದು ತಿಳಿಯುವುದಿಲ್ಲ. ಬಾಯಾರಿಕೆ ತೋರುವ ಹೊತ್ತಿಗೆ ಕೊರತೆ ಆಗಲೇ ಆರಂಭವಾಗಿರುತ್ತದೆ.

ತಕ್ಕಡಿಗೆ ಸಿಗದ ಪರಿಗ್ರಹ

ಪರಿಗ್ರಹವೆಂದರೆ ವಸ್ತುಗಳ ರಾಶಿ ಎಂಬುದು ಸಾಮಾನ್ಯ ತಿಳಿವಳಿಕೆ. ಉಮಾಸ್ವಾಮಿ ಆಚಾರ್ಯರ ತತ್ತ್ವಾರ್ಥಸೂತ್ರ ಅದಕ್ಕಿಂತ ಆಳಕ್ಕೆ ಇಳಿಯುತ್ತದೆ. ವಸ್ತುವಿನ ಮೇಲಿನ ಮೂರ್ಛೆಯೇ ಪರಿಗ್ರಹವೆಂದು ಅದು ನಿರೂಪಿಸುತ್ತದೆ. ಮೂರ್ಛೆಯೆಂದರೆ ‘ಇದು ನನ್ನದು, ಇದಿಲ್ಲದೆ ನಾನಿಲ್ಲ’ ಎಂಬ ಮಮತೆಯಲ್ಲಿ ಎಚ್ಚರ ತಪ್ಪುವುದು.

ಆದ್ದರಿಂದಲೇ ಶಾಸ್ತ್ರಕಾರರು ಪರಿಗ್ರಹವನ್ನು ಬಾಹ್ಯ, ಅಭ್ಯಂತರ ಎಂದು ಎರಡಾಗಿ ಎಣಿಸಿದರು. ಹೊಲ, ಮನೆ, ಬೆಳ್ಳಿ, ಬಂಗಾರ, ಧನ, ಧಾನ್ಯ ಮೊದಲಾದ ಬಾಹ್ಯ ಪರಿಗ್ರಹಗಳು ಹತ್ತು. ಅಭ್ಯಂತರ ಪರಿಗ್ರಹಗಳು ಹದಿನಾಲ್ಕು: ಮಿಥ್ಯಾತ್ವ, ಕ್ರೋಧ, ಮಾನ, ಮಾಯೆ, ಲೋಭಗಳೆಂಬ ನಾಲ್ಕು ಕಷಾಯಗಳು, ಹಾಸ್ಯ, ರತಿ, ಅರತಿ, ಶೋಕ, ಭಯ, ಜುಗುಪ್ಸೆ ಮತ್ತು ಮೂರು ವೇದಗಳೆಂಬ ಒಂಬತ್ತು ನೋಕಷಾಯಗಳು. ಹೊರಗಿನ ಪಟ್ಟಿಗಿಂತ ಒಳಗಿನ ಪಟ್ಟಿಯೇ ಉದ್ದವಾಗಿರುವುದು ಗಮನಾರ್ಹ.

ಈ ಬೆಳಕಿನಲ್ಲಿ ಧರ್ಮಶಾಲೆಯ ಎರಡು ಚೀಲಗಳನ್ನು ಮತ್ತೊಮ್ಮೆ ನೋಡಬಹುದು. ಅಣ್ಣನ ಚೀಲದಲ್ಲಿ ಎಲ್ಲಕ್ಕಿಂತ ಭಾರವಾದುದು ಭಯ. ಮೂರು ಔಷಧ ಪೆಟ್ಟಿಗೆಗಳು ಮೂರು ಬಗೆಯ ಭಯಗಳು. ನಾಲ್ಕನೆಯ ಜೊತೆ ಬಟ್ಟೆ ನಾಲ್ಕನೆಯದು. ತಮ್ಮನ ಚೀಲ ಹಗುರವಾಗಿದೆ ಎಂದು ತಕ್ಕಡಿ ಹೇಳುತ್ತದೆ. ಆದರೆ ಅವನು ಹೊತ್ತಿರುವ ಮಾನಕಷಾಯಕ್ಕೆ ತಕ್ಕಡಿ ಇಲ್ಲ. ‘ನನ್ನಷ್ಟು ಹಗುರವಾಗಿ ನಡೆಯಬಲ್ಲವರು ಯಾರು?’ ಎಂಬ ಭಾವವೂ ಪರಿಗ್ರಹವೇ. ಒಬ್ಬ ವಸ್ತುವಿಗೆ ಅಂಟಿಕೊಂಡಿದ್ದಾನೆ, ಇನ್ನೊಬ್ಬ ವಸ್ತುವಿಲ್ಲದಿರುವಿಕೆಗೆ ಅಂಟಿಕೊಂಡಿದ್ದಾನೆ. ತಾಯಿಯ ಪ್ರಶ್ನೆಗಳು ನೇರವಾಗಿ ಈ ಎರಡು ಗಂಟುಗಳನ್ನೇ ಮುಟ್ಟಿದವು.

ಮುನಿಯ ಬರಿಗೈಯ ಹಿಂದಿನ ವ್ಯವಸ್ಥೆ

ತಮ್ಮನು ಮುನಿಗಳ ಉದಾಹರಣೆ ಕೊಟ್ಟ. ಅದು ಸತ್ಯವೇ, ಆದರೆ ಅರ್ಧ ಸತ್ಯ. ದಿಗಂಬರ ಮುನಿಗಳ ಬಳಿ ಮೂರು ಉಪಕರಣಗಳಿರುತ್ತವೆ. ಜೀವಗಳನ್ನು ಮೃದುವಾಗಿ ಸರಿಸಲು ನವಿಲು ತಾನಾಗಿ ಉದುರಿಸಿದ ಗರಿಗಳ ಪಿಂಛಿ ಸಂಯಮೋಪಕರಣ. ಶುದ್ಧಿಯ ನೀರಿಗಾಗಿ ಕಮಂಡಲು ಶೌಚೋಪಕರಣ. ಸ್ವಾಧ್ಯಾಯಕ್ಕಾಗಿ ಶಾಸ್ತ್ರ ಜ್ಞಾನೋಪಕರಣ. ಶ್ವೇತಾಂಬರ ಸಾಧುಗಳು ರಜೋಹರಣ, ಮುಖವಸ್ತ್ರಿಕೆ, ಮರದ ಪಾತ್ರೆಗಳು, ಕಂಬಳಿ ಮೊದಲಾದವನ್ನು ತಾವೇ ಹೊತ್ತು ನಡೆಯುತ್ತಾರೆ. ಒಂದೊಂದು ಉಪಕರಣಕ್ಕೂ ಒಂದೊಂದು ಧರ್ಮಕಾರ್ಯವಿದೆ. ಕಾರ್ಯವಿಲ್ಲದ ವಸ್ತುವಿಗೆ ಅಲ್ಲಿ ಎಡೆಯಿಲ್ಲ.

ಕಮಂಡಲುವಿನ ನೀರು ಕುಡಿಯುವುದಕ್ಕಲ್ಲ ಎಂಬುದನ್ನು ತಮ್ಮ ಮರೆತಿದ್ದ. ಮುನಿಗಳು ದಿನಕ್ಕೊಮ್ಮೆ ಆಹಾರಚರ್ಯೆಯ ವೇಳೆಯಲ್ಲಿ, ನಿಂತು, ಕರಪಾತ್ರೆಯಲ್ಲಿ ಅನ್ನಜಲಗಳನ್ನು ಸ್ವೀಕರಿಸುತ್ತಾರೆ. ಅವರ ವಿಹಾರ ಶ್ರಾವಕರ ಮನೆಗಳಿರುವ ಊರಿನಿಂದ ಊರಿಗೆ, ಸೂರ್ಯನ ಬೆಳಕಿನಲ್ಲಿ, ನಡೆದು ಸವೆದ ಹಾದಿಯಲ್ಲಿ ಸಾಗುತ್ತದೆ. ವರ್ಷಗಟ್ಟಲೆ ಉಪವಾಸಗಳಿಂದಲೂ ಪರೀಷಹಜಯದಿಂದಲೂ ಹದಗೊಂಡ ದೇಹ ಅವರದು. ಆ ಬರಿಗೈಯ ಹಿಂದೆ ಚತುರ್ವಿಧ ಸಂಘದ ವ್ಯವಸ್ಥೆಯಿದೆ, ದೀರ್ಘ ಸಾಧನೆಯಿದೆ. ನಿನ್ನೆಯವರೆಗೆ ಮೇಜಿನ ಮುಂದೆ ಕುಳಿತಿದ್ದ ಗೃಹಸ್ಥನು ಎರಡು ಲೀಟರ್ ನೀರಿನೊಡನೆ ಮರಳಿಗೆ ಇಳಿದು ಅದನ್ನು ಅಪರಿಗ್ರಹವೆಂದು ಕರೆದರೆ, ಅದು ಸಾಧನೆಯ ಅನುಕರಣೆಯಾದೀತೇ ಹೊರತು ಸಾಧನೆಯಾಗದು.

ಮರುಭೂಮಿಯಿಂದಲೇ ಬಂದ ಸಾಧುಗಳ ಪಾದಗಳು ಕನ್ನಡ ನೆಲವನ್ನೂ ಮುಟ್ಟಿವೆ. ತೇರಾಪಂಥದ ಆಚಾರ್ಯ ಮಹಾಶ್ರಮಣರು ಹುಟ್ಟಿದ್ದು ಥಾರ್‌ನ ಅಂಚಿನ ಸರದಾರಶಹರದಲ್ಲಿ, 1962ರಲ್ಲಿ. 2014ರಲ್ಲಿ ದೆಹಲಿಯಿಂದ ಅಹಿಂಸಾಯಾತ್ರೆ ಆರಂಭಿಸಿದ ಅವರು ನೇಪಾಳ, ಭೂತಾನಗಳಲ್ಲಿಯೂ ನಡೆದು, 2019ರ ಚಾತುರ್ಮಾಸವನ್ನು ಬೆಂಗಳೂರಿನಲ್ಲಿ ಆಚರಿಸಿದರು. ಸಾವಿರಾರು ಕಿಲೋಮೀಟರ್‌ಗಳ ಆ ನಡಿಗೆ ಶಿಸ್ತಿನ ಫಲವೇ ಹೊರತು ಸಾಹಸದ ಪ್ರದರ್ಶನವಲ್ಲ.

ಮುಂದಾಲೋಚನೆ ಪರಿಗ್ರಹವಲ್ಲ ಎಂಬುದಕ್ಕೆ ಶ್ರವಣಬೆಳಗೊಳದ ಚಿಕ್ಕಬೆಟ್ಟವೇ ಸಾಕ್ಷಿ. ಹನ್ನೆರಡು ವರ್ಷಗಳ ಕ್ಷಾಮ ಬರಲಿದೆಯೆಂದು ಉಜ್ಜಯಿನಿಯಲ್ಲಿ ಭದ್ರಬಾಹು ಸ್ವಾಮಿಗಳು ಮೊದಲೇ ಅರಿತರೆಂದೂ, ಸಂಘವು ಉತ್ತರಾಪಥದಿಂದ ದಕ್ಷಿಣಾಪಥಕ್ಕೆ ಹೊರಟಿತೆಂದೂ ಅಲ್ಲಿನ ಸುಮಾರು ಕ್ರಿ.ಶ. 600ರ ಶಾಸನ ಹೇಳುತ್ತದೆ. ಸರ್ವವನ್ನೂ ತ್ಯಜಿಸಿದ ಮುನಿಸಂಘವೂ ಮುಂದಿನ ಅನ್ನಜಲಗಳ ಸ್ಥಿತಿಯನ್ನು ಎಣಿಸಿಯೇ ಹೆಜ್ಜೆ ಇಟ್ಟಿತು. ಕ್ಷಾಮವನ್ನು ಎದುರಿಸಿ ತೋರಿಸುತ್ತೇವೆ ಎಂಬ ಹಟ ಅಲ್ಲಿರಲಿಲ್ಲ.

ಭೋಗ, ಉಪಭೋಗ: ಚೀಲದ ಎರಡು ಭಾಗ

ಹಾಗಾದರೆ ಗೃಹಸ್ಥನು ಎಷ್ಟು ಹೊರಬೇಕು? ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರದಲ್ಲಿ ವಿವರಿಸಿದ ಭೋಗೋಪಭೋಗ ಪರಿಮಾಣ ವ್ರತ ಇದಕ್ಕೆ ಉತ್ತರ ಕೊಡುತ್ತದೆ. ಒಮ್ಮೆ ಬಳಸಿದರೆ ಮುಗಿದುಹೋಗುವ ಆಹಾರಾದಿಗಳು ಭೋಗ. ಮತ್ತೆ ಮತ್ತೆ ಬಳಸಬಹುದಾದ ವಸ್ತ್ರಾದಿಗಳು ಉಪಭೋಗ. ಎರಡಕ್ಕೂ ಮಿತಿ ಹಾಕಿಕೊಳ್ಳುವುದೇ ವ್ರತ. ಇಂದಿನ ಚಾರಣಿಗರೂ ತಮ್ಮ ಹೊರೆಯನ್ನು ಹೀಗೆಯೇ ಎರಡಾಗಿ ವಿಂಗಡಿಸುತ್ತಾರೆ. ತಿಂದು ಕುಡಿದು ಮುಗಿಯುವ ತೂಕ ಒಂದು, ಕೊನೆಯವರೆಗೂ ಉಳಿಯುವ ತೂಕ ಇನ್ನೊಂದು.

ಲೆಕ್ಕ ಸರಳ. ಚೀಲದ ತೂಕ ದೇಹದ ತೂಕದ ಐದನೆಯ ಒಂದು ಭಾಗವನ್ನು ಮೀರದಿದ್ದರೆ ಸಾಮಾನ್ಯ ಪಥಿಕನಿಗೆ ಕ್ಷೇಮ. 70 ಕಿಲೋಗ್ರಾಂ ತೂಗುವವನಿಗೆ ಅದು 14 ಕಿಲೋಗ್ರಾಂ. ಚಳಿಗಾಲದಲ್ಲಿಯೂ ಮರಳಿನಲ್ಲಿ ನಡೆಯುವವನಿಗೆ ದಿನಕ್ಕೆ ಕನಿಷ್ಠ ನಾಲ್ಕು ಲೀಟರ್ ನೀರು ಬೇಕು. ಎರಡು ದಿನಕ್ಕೆ ಎಂಟು ಲೀಟರ್, ಅನಿರೀಕ್ಷಿತಕ್ಕೆ ಒಂದು ಲೀಟರ್. ಒಂದು ಲೀಟರ್ ನೀರಿನ ತೂಕ ಒಂದು ಕಿಲೋಗ್ರಾಂ. ಅಲ್ಲಿಗೆ ಒಂಬತ್ತು ಕಿಲೋಗ್ರಾಂ ನೀರಿಗೇ ಮೀಸಲು. ಉಳಿದ ಐದು ಕಿಲೋಗ್ರಾಂನಲ್ಲಿ ಅನ್ನ, ವಸ್ತ್ರ, ಹಾಸಿಗೆ, ಔಷಧ, ದೀಪ ಎಲ್ಲವೂ ಹಿಡಿಯಬೇಕು.

ಇಲ್ಲಿಯೇ ವ್ರತ ಆರಂಭವಾಗುತ್ತದೆ. ಜೀವವನ್ನು ಕಾಯುವ ನೀರು ಚೀಲದ ಹೆಚ್ಚಿನ ಭಾಗವನ್ನು ತೆಗೆದುಕೊಂಡ ಮೇಲೆ, ಉಳಿದ ಪ್ರತಿಯೊಂದು ವಸ್ತುವೂ ‘ನಾನೇಕೆ?’ ಎಂಬ ಪ್ರಶ್ನೆಗೆ ಉತ್ತರ ಕೊಡಬೇಕಾಗುತ್ತದೆ. ಇನ್ನೊಂದು ಸೂಕ್ಷ್ಮವೂ ಇದೆ. ಭೋಗವಸ್ತುಗಳ ಹೊರೆ ಗಂಟೆಗಂಟೆಗೂ ಇಳಿಯುತ್ತದೆ; ಎರಡನೆಯ ದಿನದ ಸಂಜೆಗೆ ನೀರಿನ ಚೀಲ ಖಾಲಿ. ಉಪಭೋಗವಸ್ತುಗಳ ಹೊರೆ ಒಂದು ತೊಲೆಯೂ ಇಳಿಯದೆ ಮನೆಯವರೆಗೆ ಹಿಂಬಾಲಿಸುತ್ತದೆ. ಬದುಕಿನಲ್ಲಿಯೂ ಮನುಷ್ಯನನ್ನು ಬಾಗಿಸುವುದು ಉಂಡ ಅನ್ನಕ್ಕಿಂತ ಹೆಚ್ಚಾಗಿ ಕೂಡಿಟ್ಟ ಸಾಮಾನು.

ಶ್ವೇತಾಂಬರ ಶ್ರಾವಕರು ಪ್ರತಿದಿನ ಧಾರಣೆ ಮಾಡುವ ಹದಿನಾಲ್ಕು ನಿಯಮಗಳಲ್ಲಿ ಆಹಾರದ್ರವ್ಯ, ಪಾದರಕ್ಷೆ, ವಸ್ತ್ರ, ವಾಹನ, ಶಯನ, ದಿಕ್ಕು, ಸ್ನಾನ ಎಲ್ಲಕ್ಕೂ ಅಂದಂದಿನ ಎಣಿಕೆಯಿದೆ. ಮನೆಯಲ್ಲಿ ಕುಳಿತು ಪ್ರತಿದಿನ ತನ್ನ ಚೀಲವನ್ನು ಕಟ್ಟುವ ಅಭ್ಯಾಸವದು. ಅದನ್ನು ರೂಢಿಸಿಕೊಂಡವನಿಗೆ ಮರುಭೂಮಿಯ ಚೀಲ ಹೊಸದೆನಿಸುವುದಿಲ್ಲ.

ನೀರು: ಪ್ರಮಾದವೇ ಹಿಂಸೆ

ತಮ್ಮನಿಗೆ ತಾಯಿ ಕೇಳಿದ ಪ್ರಶ್ನೆ ಕಠಿಣವಾದುದು. ತನ್ನ ನೀರನ್ನು ತಾನು ಒಯ್ಯದವನು ಸಹಪಥಿಕನ ನೀರಿಗೆ ಕೈಚಾಚಲೇಬೇಕು. ಇಲ್ಲವೇ ಢಾಣಿಯೆಂದು ಕರೆಯುವ ಮರಳುನಾಡಿನ ಪುಟ್ಟ ಒಕ್ಕಲುಗಳ ಬಾಗಿಲು ತಟ್ಟಬೇಕು. ಅಲ್ಲಿಯವರು ಮಳೆನೀರನ್ನು ನೆಲದೊಳಗಿನ ಟಾಂಕಾಗಳಲ್ಲಿ ಹಿಡಿದಿಟ್ಟು, ವರ್ಷವಿಡೀ ಅಳೆದು ಬಳಸುತ್ತಾರೆ. ಅತಿಥಿಗೆ ಇಲ್ಲವೆನ್ನುವ ಜನ ಅವರಲ್ಲ. ಆದರೆ ಅವರು ಪ್ರೀತಿಯಿಂದ ಕೊಡುವ ಒಂದು ಬಿಂದಿಗೆ ಅವರ ಮನೆಯ ನಾಳಿನ ನೀರು. ಒಬ್ಬನ ತ್ಯಾಗದ ಬೆಲೆಯನ್ನು ಇನ್ನೊಬ್ಬ ತೆರುವಂತಾದರೆ ಅದು ತ್ಯಾಗವೇ ಅಲ್ಲ.

ಹಿಂಸೆಯ ಲಕ್ಷಣವನ್ನು ಹೇಳುವಾಗ ತತ್ತ್ವಾರ್ಥಸೂತ್ರವು ಪ್ರಮಾದದಿಂದ ಪ್ರಾಣಗಳಿಗೆ ಆಗುವ ಘಾತಕ್ಕೆ ಒತ್ತು ಕೊಡುತ್ತದೆ. ಪ್ರಮಾದವೆಂದರೆ ಅಜಾಗರೂಕತೆ, ಎಚ್ಚರಗೇಡಿತನ. ಆ ಪ್ರಾಣ ಪರರದಾದರೂ ತನ್ನದಾದರೂ ತತ್ತ್ವ ಒಂದೇ. ಅಜಾಗರೂಕತೆಯಿಂದ ಬಾಯಾರಿ ಕುಸಿಯುವುದು ತಪಸ್ಸಲ್ಲ. ತಪಸ್ಸಿನಲ್ಲಿ ಸಂಕಲ್ಪವಿದೆ, ಗುರುಸಾನ್ನಿಧ್ಯವಿದೆ, ಸಮತೆಯಿದೆ. ಬಿಸಿಲಿಗೆ ಬಿದ್ದವನಲ್ಲಿ ಉಳಿಯುವುದು ಆರ್ತಧ್ಯಾನ ಮಾತ್ರ.

ನೀರನ್ನು ಒಯ್ಯುವುದಷ್ಟೇ ಸಾಲದು, ಗಾಳಿಸಿ ಒಯ್ಯಬೇಕು. ಮಡಿಸಿದ ದಪ್ಪ ಬಟ್ಟೆಯಲ್ಲಿ ಸೋಸಿ, ಬಟ್ಟೆಯಲ್ಲಿ ಉಳಿದ ಜೀವಗಳನ್ನು ಸೋಸಿದ ನೀರಿನಿಂದಲೇ ತೊಳೆದು ಅದೇ ಜಲಮೂಲಕ್ಕೆ ಮರಳಿಸುವುದು ಶ್ರಾವಕಾಚಾರ. ದಿಗಂಬರ ಸಂಪ್ರದಾಯದ ಎಣಿಕೆಯಂತೆ ಗಾಳಿಸಿದ ನೀರಿನ ಮರ್ಯಾದೆ 48 ನಿಮಿಷ, ಚೆನ್ನಾಗಿ ಕುದಿಸಿದ ನೀರಿನದು 24 ಗಂಟೆ. ಇದನ್ನು ಕಟ್ಟುನಿಟ್ಟಾಗಿ ಪಾಲಿಸುವ ವ್ರತಿಕರು ಪ್ರತಿದಿನ ಬೆಳಗ್ಗೆ ಒಂದು ಢಾಣಿ ಸಿಗುವಂತೆ ಹಾದಿಯನ್ನು ಮೊದಲೇ ಗೊತ್ತುಪಡಿಸಿಕೊಳ್ಳಬೇಕು. ಅಂಗೈಯಗಲದ ಸೋಸುಬಟ್ಟೆಯ ತೂಕ ಲೆಕ್ಕಕ್ಕೇ ಬಾರದು. ಆದರೆ ಚೀಲದೊಳಗಿನ ಅಹಿಂಸೆಯ ಭಾಗವೆಂದರೆ ಅದೇ. ಬಟ್ಟೆಯಲ್ಲಿ ಸೋಸಿ ಕುದಿಸಿದ ನೀರು ರೋಗಗಳಿಂದಲೂ ಕಾಯುತ್ತದೆ. ಬೆವರಿನೊಡನೆ ಉಪ್ಪೂ ಹೋಗುವುದರಿಂದ ಉಪ್ಪು ಸಕ್ಕರೆಯ ಪುಡಿಯ ಪೊಟ್ಟಣಗಳು ನಾಲ್ಕಾರು ಇರಲೇಬೇಕು.

ಬುತ್ತಿ ಮತ್ತು ಸೂರ್ಯಾಸ್ತ

ಜೈನರ ಆಹಾರನಿಯಮಗಳು ಪ್ರಯಾಣಕ್ಕೆ ತೊಡಕೆಂದು ಭಾವಿಸುವವರಿದ್ದಾರೆ. ಮರುಭೂಮಿಯಲ್ಲಿ ಅವು ಅನುಕೂಲವೇ ಆಗುತ್ತವೆ. ಗೆಡ್ಡೆಗೆಣಸುಗಳ ಭಾರವಿಲ್ಲ. ಹುರಿಹಿಟ್ಟು, ಅವಲಕ್ಕಿ, ಹುರಿದ ಕಡಲೆ, ಶೇಂಗಾ, ಬೆಲ್ಲ, ಗುಜರಾತಿನ ಖಾಖರಾ ಇವೆಲ್ಲ ಹಗುರ, ಒಣ, ಬೇಗ ಕೆಡದವು. ರಾಜಸ್ಥಾನದವರು ಬನ್ನಿಯ ಜಾತಿಯ ಖೇಜಡಿ ಮರದ ಕಾಯಿಯಾದ ಸಾಂಗರಿಯನ್ನೂ ಕೇರ್ ಕಾಯಿಯನ್ನೂ ಒಣಗಿಸಿಟ್ಟು ಪಲ್ಯ ಮಾಡುತ್ತಾರೆ. ಹಸಿರು ಸಿಗದ ನೆಲದಲ್ಲಿ ಅದೇ ಅವರ ತರಕಾರಿ. ಹಿಟ್ಟಿಗೂ ಮರ್ಯಾದೆಯಿದೆ, ಚಳಿಗಾಲದಲ್ಲಿ ಏಳು ದಿನ, ಬೇಸಿಗೆಯಲ್ಲಿ ಐದು, ಮಳೆಗಾಲದಲ್ಲಿ ಮೂರು ಎಂಬುದು ದಿಗಂಬರ ಶ್ರಾವಕರ ರೂಢಿ. ಎರಡು ದಿನಗಳ ನಡಿಗೆಗೆ ಇದು ಸಾಕು. ವಾರದ ತಿಂಡಿಯನ್ನು ಹೊತ್ತ ಅಣ್ಣನ ಬಳಿ ಹೆಚ್ಚಾಗಿದ್ದುದು ಐದು ದಿನಗಳ ಚಿಂತೆ.

ರಾತ್ರಿಭೋಜನ ತ್ಯಾಗವು ಇಡೀ ದಿನಕ್ಕೆ ಒಂದು ಲಯವನ್ನು ಕೊಡುತ್ತದೆ. ಡಿಸೆಂಬರಿನಲ್ಲಿ ಅಲ್ಲಿ ಸೂರ್ಯ ಆರು ಗಂಟೆಯ ಆಸುಪಾಸಿನಲ್ಲಿ ಮುಳುಗುತ್ತಾನೆ. ಅಷ್ಟರೊಳಗೆ ಊಟ ಮುಗಿಯಬೇಕಾದರೆ ನಾಲ್ಕೂವರೆಗೆಲ್ಲ ಬೀಡು ಬಿಡಬೇಕು. ಹಗಲಿನಲ್ಲಿಯೇ ಜಾಗವನ್ನು ನೋಡಿ, ಹುಳುಹುಪ್ಪಟೆಗಳಿಲ್ಲದ ನೆಲವನ್ನು ಆರಿಸಿ, ಹಾಸಿಗೆ ಹಾಸಿಕೊಳ್ಳುವುದು ಇದರಿಂದ ತಾನಾಗಿ ಸಾಧ್ಯವಾಗುತ್ತದೆ. ಕತ್ತಲಲ್ಲಿ ಒಲೆ ಹಚ್ಚಿ ಪತಂಗಗಳನ್ನು ಸುಡುವ ಪ್ರಸಂಗವೇ ಬಾರದು. ಸೂರ್ಯಾಸ್ತದ ಬಳಿಕ ನೀರನ್ನೂ ಬಿಡುವ ನಿಯಮವುಳ್ಳವರು ದಿನವಿಡೀ ಅಳತೆಯಿಂದ ಕುಡಿಯುತ್ತಾ ಬರಬೇಕು. ಸಂಜೆ ಒಮ್ಮೆಲೇ ಕುಡಿದು ಪೂರೈಸಲಾಗದು. ಶ್ವೇತಾಂಬರ ಪರಂಪರೆಯ ಪ್ರತ್ಯಾಖ್ಯಾನ ಪಾಠಗಳಲ್ಲಿಯೇ ಆಗಾರಗಳೆಂಬ ವಿನಾಯಿತಿಗಳಿವೆ. ದೇಹಕ್ಕೆ ತೀವ್ರ ಪೀಡೆಯೊದಗಿ ಚಿತ್ತದ ಸಮಾಧಿ ಕದಡಿದಾಗ ಔಷಧಜಲಗಳನ್ನು ಸ್ವೀಕರಿಸಿದರೆ ನಿಯಮಭಂಗವಾಗದೆಂದು ಪೂರ್ವಾಚಾರ್ಯರು ಕರುಣೆಯಿಂದ ಎಡೆ ಮಾಡಿಕೊಟ್ಟಿದ್ದಾರೆ. ಆರೋಗ್ಯದ ತೊಂದರೆಯುಳ್ಳವರು ಗುರುಗಳನ್ನೂ ವೈದ್ಯರನ್ನೂ ಕೇಳಿಯೇ ಹೊರಡುವುದು ಲೇಸು.

ಹಾಸಿಗೆಯೊಳಗಿನ ಪ್ರಾಣಿಗಳು

ಉಪಭೋಗ ವಸ್ತುಗಳನ್ನು ಆರಿಸುವಾಗ ಶ್ರಾವಕನು ತೂಕದ ಜೊತೆಗೆ ಮೂಲವನ್ನೂ ವಿಚಾರಿಸಬೇಕು. ಚಳಿಗೆ ಬಳಸುವ ಹಗುರವಾದ ಮಲಗುಚೀಲಗಳಲ್ಲಿ ಅನೇಕವು ಬಾತುಕೋಳಿಗಳ ಎಳೆಯ ಪುಕ್ಕಗಳಿಂದ ತುಂಬಿದವು. ಅದರ ಬದಲು ಕೃತಕ ನೂಲಿನ ತುಂಬುವಿಕೆಯುಳ್ಳದ್ದನ್ನು ಆರಿಸಿದರೆ ತೂಕ ಅಲ್ಪ ಹೆಚ್ಚೀತು. ನವಿಲು ತಾನಾಗಿ ಬಿಟ್ಟ ಗರಿಯನ್ನಷ್ಟೇ ಹಿಡಿಯುವ ಪರಂಪರೆಯವರಿಗೆ ಆ ಅರ್ಧ ಕಿಲೋಗ್ರಾಂ ಭಾರವಾಗದು. ಚರ್ಮದ ಬೂಟುಗಳ ಬದಲು ಗಟ್ಟಿ ಬಟ್ಟೆಯ ಬೂಟು, ಮರಳು ಒಳಸೇರದಂತೆ ಕಣಕಾಲಿಗೆ ಬಟ್ಟೆಯ ಕವಚ, ತಲೆಗೂ ಕುತ್ತಿಗೆಗೂ ಸುತ್ತುವ ಉದ್ದನೆಯ ಹತ್ತಿಯ ವಸ್ತ್ರ, ತೋಳು ಮುಚ್ಚುವ ತಿಳಿಬಣ್ಣದ ಅಂಗಿ, ರಾತ್ರಿಗೆ ಒಂದು ದಪ್ಪ ಅಂಗಿ. ಇಷ್ಟಾದರೆ ವಸ್ತ್ರದ ಪರಿಮಾಣ ಮುಗಿಯಿತು. ಇಬ್ಬರು ಜೊತೆಯಾಗಿ ಹೋಗುವಾಗ ಒಲೆ, ಪಾತ್ರೆ, ಔಷಧ ಪೆಟ್ಟಿಗೆ ಇಬ್ಬರಿಗೂ ಸೇರಿ ಒಂದೊಂದೇ ಸಾಕು.

ಬೆಳಗ್ಗೆ ಬೂಟನ್ನು ತಲೆಕೆಳಗಾಗಿ ಕೊಡವಿ, ಹಾಸಿಗೆಯನ್ನು ಬಿಡಿಸಿ ನೋಡಿ, ಆಮೇಲೆ ಮುಟ್ಟುವುದು ಮರುಭೂಮಿಯ ಮೊದಲ ಪಾಠ. ಚೇಳು, ಹಾವುಗಳು ಬೆಚ್ಚನೆಯ ಮರೆಯನ್ನು ಹುಡುಕಿ ಬರುತ್ತವೆ. ಜೈನ ಸಾಧುಗಳು ದಿನಕ್ಕೆ ಎರಡು ಬಾರಿ ತಮ್ಮ ಉಪಕರಣಗಳನ್ನು ನೋಡಿ ಒರೆಸುವ ಪ್ರತಿಲೇಖನವೂ ಇದೇ ಕ್ರಿಯೆ. ಚಾರಣಿಗನು ತನ್ನ ಪ್ರಾಣವನ್ನು ಉಳಿಸಿಕೊಳ್ಳಲು ಅದನ್ನು ಮಾಡುತ್ತಾನೆ, ಸಾಧುವು ಆ ಕಿರುಜೀವಿಯ ಪ್ರಾಣವನ್ನು ಉಳಿಸಲು ಮಾಡುತ್ತಾನೆ. ಶ್ರಾವಕನ ಕೈಯಲ್ಲಿ ಎರಡು ಉದ್ದೇಶಗಳೂ ಕೂಡಬಹುದು.

ಐದು ಸಮಿತಿಗಳ ನಡಿಗೆ

ಮುನಿಗಳ ಐದು ಸಮಿತಿಗಳನ್ನು ಗೃಹಸ್ಥನು ಎರಡು ದಿನದ ಮಟ್ಟಿಗೆ ಅಭ್ಯಾಸವಾಗಿ ಹಿಡಿದರೆ ಚೀಲ ಕಟ್ಟುವುದರಿಂದ ಬೀಡು ಬಿಚ್ಚುವವರೆಗಿನ ಎಲ್ಲ ಕ್ರಿಯೆಗಳೂ ಅವುಗಳೊಳಗೆ ಬರುತ್ತವೆ. ಮುಂದಿನ ನಾಲ್ಕು ಮೊಳ ನೆಲವನ್ನು ನೋಡುತ್ತಾ ಹಗಲಿನಲ್ಲಿ ನಡೆಯುವುದು ಈರ್ಯಾ ಸಮಿತಿ. ಪೊದೆ, ಬಿಲಗಳನ್ನು ತುಳಿಯದೆ ಸವೆದ ಹಾದಿಯಲ್ಲಿ ಸಾಗಬೇಕು. ಮಿತವಾದ ಮಾತು ಭಾಷಾ ಸಮಿತಿ. ಬಾಯಿ ಮುಚ್ಚಿ ನಡೆದವನ ಗಂಟಲು ತಡವಾಗಿ ಒಣಗುತ್ತದೆ. ಶುದ್ಧವೂ ಮಿತವೂ ಆದ ಆಹಾರ ಏಷಣಾ ಸಮಿತಿ. ವಸ್ತುವನ್ನು ನೋಡಿ ಎತ್ತಿ, ನೋಡಿ ಇಡುವುದು ಆದಾನನಿಕ್ಷೇಪಣ ಸಮಿತಿ. ಬಿಸಾಡಿದ ಚೀಲದಡಿ ಒಂದು ಜೀವ ಸಿಕ್ಕಬಹುದು, ನೀರಿನ ಸೀಸೆಯೂ ಒಡೆಯಬಹುದು.

ಐದನೆಯದಾದ ಉತ್ಸರ್ಗ ಸಮಿತಿಯನ್ನೇ ಇಂದಿನ ಪ್ರವಾಸಿಗರು ಹೆಚ್ಚಾಗಿ ಮರೆಯುವುದು. ಮಳೆಯಿಲ್ಲದ ನೆಲದಲ್ಲಿ ಎಸೆದದ್ದು ಕೊಳೆಯುವುದಿಲ್ಲ. ಪ್ಲಾಸ್ಟಿಕ್ ಅಂತೂ ಗಾಳಿಯೊಡನೆ ದನ, ಒಂಟೆಗಳ ಹೊಟ್ಟೆ ಸೇರುತ್ತದೆ. ಒಯ್ದ ಪ್ರತಿಯೊಂದು ಹೊದಿಕೆ, ಪೊಟ್ಟಣವನ್ನು ಮರಳಿ ತರಲು ಒಂದು ಖಾಲಿ ಚೀಲ ಬೇಕೇಬೇಕು. ಮಲವಿಸರ್ಜನೆಯನ್ನು ಜಲಮೂಲದಿಂದ ಕನಿಷ್ಠ 60 ಮೀಟರ್ ದೂರದಲ್ಲಿ, ಜೀವರಹಿತ ನೆಲವನ್ನು ನೋಡಿಯೇ ಮಾಡಬೇಕು. ಕಾರಣವಿಲ್ಲದೆ ನೆಲ ಅಗೆಯುವುದು, ಗಿಡ ಮುರಿಯುವುದು, ಬೆಂಕಿ ಹಚ್ಚುವುದು ಅನರ್ಥದಂಡ. ವಿನೋದಕ್ಕಾಗಿ ಖೇಜಡಿಯ ಕೊಂಬೆಗಳನ್ನು ಸುಡುವ ಶಿಬಿರಾಗ್ನಿ ಅದರ ಸ್ಪಷ್ಟ ಉದಾಹರಣೆ.

ಎಲ್ಲಕ್ಕೂ ಮೊದಲು ದಿಗ್ವ್ರತ. ಇಂತಿಂಥ ದಿಕ್ಕಿನಲ್ಲಿ ಇಲ್ಲಿಯವರೆಗೆ ಮಾತ್ರ ಎಂಬ ಎಲ್ಲೆಯನ್ನು ಹೊರಡುವ ಮುನ್ನವೇ ಹಾಕಿಕೊಂಡು ಮನೆಯವರಿಗೆ ತಿಳಿಸಿರಬೇಕು. ಜೈಸಲ್ಮೇರಿನ ಪಶ್ಚಿಮಕ್ಕೆ ಅಂತರರಾಷ್ಟ್ರೀಯ ಗಡಿಯಿದೆ. ಅದರ ಸಮೀಪದ ಹಲವು ಪ್ರದೇಶಗಳಿಗೂ, 1980ರಲ್ಲಿ ಸ್ಥಾಪಿತವಾದ ಮರುಭೂಮಿ ರಾಷ್ಟ್ರೀಯ ಉದ್ಯಾನಕ್ಕೂ ಅನುಮತಿ ಪಡೆದೇ ಹೋಗಬೇಕು. ಅಳಿವಿನಂಚಿನಲ್ಲಿರುವ ಎರ್ಲಡ್ಡು ಹಕ್ಕಿ ನೆಲದ ಮೇಲೆ ಮೊಟ್ಟೆಯಿಡುವ ತಾಣವದು. ದಿಬ್ಬದಾಚೆ ಇನ್ನೊಂದು ದಿಬ್ಬ ಕರೆಯುತ್ತಲೇ ಇರುತ್ತದೆ. ಎಲ್ಲೆ ಹಾಕಿಕೊಂಡವನ ನೀರಿಗೆ ಲೆಕ್ಕವಿರುತ್ತದೆ; ಎಲ್ಲೆಯಿಲ್ಲದವನಿಗೆ ಎಷ್ಟು ಒಯ್ದರೂ ಸಾಲದು.

ಮರಳಿ ಕಟ್ಟಿದ ಚೀಲ

ಆ ರಾತ್ರಿ ಅಣ್ಣತಮ್ಮಂದಿರು ಚೀಲಗಳನ್ನು ಮತ್ತೆ ಬಿಚ್ಚಿದರು. ಅಣ್ಣ ಒಂದೊಂದೇ ವಸ್ತುವನ್ನು ಕೈಗೆತ್ತಿಕೊಂಡು, ‘ಇದು ಬೇಕಾದುದೋ, ಹೆದರಿಕೆಯೋ?’ ಎಂದು ಕೇಳಿಕೊಂಡ. ಹೆದರಿಕೆಗಳೆಲ್ಲ ಧರ್ಮಶಾಲೆಯ ಕಪಾಟು ಸೇರಿದವು. ತಮ್ಮ ಏಳು ಲೀಟರ್ ನೀರನ್ನು ಹೆಚ್ಚಿಗೆ ತುಂಬಿಸಿಕೊಂಡು, ತೆಳು ಶಾಲನ್ನು ಬಿಟ್ಟು ಬೆಚ್ಚನೆಯ ಹೊದಿಕೆಯನ್ನು ಮಡಚಿಟ್ಟ. ತೂಗಿ ನೋಡಿದಾಗ ಎರಡೂ ಚೀಲಗಳು ಹೆಚ್ಚುಕಡಿಮೆ ಸಮನಾಗಿದ್ದವು. ಒಬ್ಬನ ಚೀಲ ಇಳಿಯಿತು, ಇನ್ನೊಬ್ಬನದು ಏರಿತು. ಅಪರಿಗ್ರಹದ ಹಾದಿಯಲ್ಲಿ ಇಬ್ಬರೂ ಒಂದೊಂದು ಹೆಜ್ಜೆ ಮುಂದೆ ಬಂದಿದ್ದರು.

ಎರಡನೆಯ ದಿನದ ಮಧ್ಯಾಹ್ನ, ನಿರೀಕ್ಷಿಸಿದ್ದಕ್ಕಿಂತ ಬಿಸಿಲು ಹೆಚ್ಚಾಗಿ, ಖೇಜಡಿಯ ನೆರಳಿನಲ್ಲಿ ಎರಡು ಗಂಟೆ ಕೂರಬೇಕಾಯಿತು. ತಮ್ಮ ಮಾತನಾಡದೆ ತನ್ನ ಸೀಸೆಯಿಂದ ನೀರು ಕುಡಿದ. ಮೊದಲ ರಾತ್ರಿಯ ಎರಡು ಲೀಟರ್ ಆಗಿದ್ದರೆ ಅದು ನಿನ್ನೆ ಮಧ್ಯಾಹ್ನಕ್ಕೇ ಮುಗಿದಿರುತ್ತಿತ್ತು ಎಂಬುದನ್ನು ಅವನಿಗೆ ಯಾರೂ ನೆನಪಿಸಲಿಲ್ಲ, ನೆನಪಿಸಬೇಕಾಗಿಯೂ ಇರಲಿಲ್ಲ. ಸಂಜೆ ನಡಿಗೆ ಮುಗಿಯುವ ಢಾಣಿಯ ಬಳಿ ಮರವೊಂದಕ್ಕೆ ಹಕ್ಕಿಗಳಿಗಾಗಿ ಮಣ್ಣಿನ ಬಟ್ಟಲನ್ನು ತೂಗುಹಾಕಿದ್ದರು. ಅದು ಒಣಗಿತ್ತು. ಆಪತ್ತಿಗೆಂದು ಇಟ್ಟಿದ್ದ ಕೊನೆಯ ಲೀಟರ್ ಇಬ್ಬರ ಚೀಲದಲ್ಲಿಯೂ ಹಾಗೆಯೇ ಉಳಿದಿತ್ತು. ಅಣ್ಣ ಬಟ್ಟಲನ್ನು ಹಿಡಿದ, ತಮ್ಮ ನೀರು ತುಂಬಿದ.

ತನಗೆ ಬೇಕಾದಷ್ಟನ್ನು ಅರಿತು ಹೊತ್ತವನ ಬಳಿ ಮಾತ್ರ ಕೊನೆಯಲ್ಲಿ ಕೊಡುವುದಕ್ಕೂ ಏನಾದರೂ ಉಳಿಯುತ್ತದೆ. ಭಯದಿಂದ ತುಂಬಿಕೊಂಡವನು ಕೊಡಲಾರ, ಮಾನದಿಂದ ಬರಿದಾದವನಿಗೆ ಕೊಡಲು ಇರುವುದಿಲ್ಲ. ಮರುಭೂಮಿಗೆ ಹೋಗುವವರು ಕೆಲವರೇ ಇರಬಹುದು. ಚೀಲ ಕಟ್ಟುವುದು ಮಾತ್ರ ಎಲ್ಲರಿಗೂ ಇದೆ. ನಾಳಿನ ಬೆಳಗ್ಗೆ ಮನೆಯಿಂದ ಹೊರಡುವ ಮುನ್ನ ಆ ತಾಯಿಯ ಎರಡು ಪ್ರಶ್ನೆಗಳನ್ನು ಒಮ್ಮೆ ಕೇಳಿಕೊಂಡರೆ, ಭುಜದ ಮೇಲಿನ ಹೊರೆ ಅಷ್ಟೇ ಇದ್ದರೂ ಆತ್ಮದ ಹೊರೆ ಒಂದಿಷ್ಟು ಇಳಿದೀತು.